ಕೊನ್ನಾರಿ

ಮೂವತ್ತೊಂದು ವರ್ಷ ಕಾಲೇಜು ಮೈದಾನ ಕಾದವನು ನಾನು, ಹಾಲಾನಾಯ್ಕ.
ಸರ್ವೀಸ್ ಬುಕ್ಕಿನಲ್ಲಿ ಮಾಲಿ,
ಹುಡುಗರ ಬಾಯಲ್ಲಿ ಪಿಚ್ ನಾಯ್ಕ.
ರೋಲರ್ ಎಳೆದೆಳೆದು ಸೊಂಟ ಹೋಯಿತೆಂದೇ ನಂಬಿದ್ದೆ.
ಸೊಂಟದ ಮೂಳೆಯಲ್ಲಿ ಬೇರೆ ಯಾರೋ ಬಿಡಾರ ಹೂಡಿದ್ದರು.

ದುರ್ಗಿಗುಡಿ ಲ್ಯಾಬಿನ ಚೀಟಿ:
ಪಿ.ಎಸ್.ಎ. ಎಂಬತ್ತಾರು.
ಒಳ್ಳೇ ಸ್ಕೋರು ಅಂದೆ.
ಡಾಕ್ಟರ್ ಲವೀನಾ ನಗಲಿಲ್ಲ.

ಮೂರು ತಿಂಗಳಿಗೊಂದು ಸೂಜಿ, ಹೊಟ್ಟೆಯ ಚರ್ಮಕ್ಕೆ.
ಗಂಡು ಹಾರ್ಮೋನು ಕುಡಿದೇ ಅದು ಬೆಳೆಯುವುದು,
ಅದನ್ನೇ ನಿಲ್ಲಿಸುತ್ತೇವೆ, ಅಂದರು.
ನಾನು ಮನಸ್ಸಿನಲ್ಲೇ ವಾಲ್ವ್ ತಿರುಗಿಸಿದೆ:
ಮಾರ್ಚ್ ಕೊನೆ, ತುಂಗೆ ತನ್ನ ಬಂಡೆ ತೋರಿಸುವ ಹೊತ್ತು,
ಔಟ್‌ಫೀಲ್ಡಿಗೆ ನೀರು ಬಂದ್.

ಮೀಸೆ ತೆಳುವಾಯಿತು. ಎದೆ ಮೆತ್ತಗಾಯಿತು.
ನಡುರಾತ್ರಿ ಕಿವಿಯಿಂದ ಬಿಸಿ ಹೊರಟು ಬನಿಯನ್ನೆಲ್ಲ ಒದ್ದೆ.
ಗೇಮಲಿಬಾಯಿ ಮಗ್ಗುಲಾದಳು.
"ನಲವತ್ತೆಂಟಕ್ಕೆ ನನಗೆ ಹೀಗಾದಾಗ
ಚಳಿ ಅಂತ ಫ್ಯಾನ್ ಆಫ್ ಮಾಡಿದವನು ನೀನು."
ಆಮೇಲೆ ಎದ್ದು ಫ್ಯಾನ್ ಜೋರು ಮಾಡಿದಳು.

ಎಂಬತ್ತಾರು ಹನ್ನೊಂದಾಯಿತು, ಎರಡಾಯಿತು,
ಸೊನ್ನೆ ಪಾಯಿಂಟ್ ಎರಡಾಯಿತು.
ಪೇಡೆ ಹಂಚಿದೆ.
ಡಾಕ್ಟರು ಅರ್ಧ ತಿಂದು ಅರ್ಧ ಮೇಜಿನ ಮೇಲಿಟ್ಟರು.
ಆ ಅರ್ಧ ನನಗೆ ಅವತ್ತೇ ಅರ್ಥವಾಗಬೇಕಿತ್ತು.

ಎರಡು ವರ್ಷ ಕಳೆದು, ಸೊನ್ನೆ ಪಾಯಿಂಟ್ ಒಂಬತ್ತು.
ಮೂರು.
ಏಳು.
ನೀರು ಇನ್ನೂ ಬಂದ್ ಇದೆ, ಹಸಿರು ಏಳುತ್ತಿದೆ.

ಅವರು ಚೀಟಿಯ ಹಿಂದೆ ಸೊನ್ನೆ ಸೊನ್ನೆ ಬರೆದರು.
"ಇವೆಲ್ಲ ಅವಸರದ ಕೋಶಗಳು, ಒಡೆದು ಎರಡಾಗುತ್ತ, ನಾಲ್ಕಾಗುತ್ತ.
ನಮ್ಮ ಔಷಧದ ಕೈಗೆ ಸಿಗುವುದು ಇವೇ.
ನಡುವೆ ಇಲ್ಲೊಂದು ಕೂತಿದೆಯಲ್ಲ, ಮೂಲಕೋಶ,
ಸಾವಿರಕ್ಕೊಂದೋ, ಇನ್ನೂ ವಿರಳವೋ,
ಇದು ಸುಮ್ಮನೆ ಮಲಗಿರುತ್ತದೆ. ಹಾರ್ಮೋನಿನ ಹಂಗಿಲ್ಲ.
ಒಳಗೆ ಬಂದ ಮದ್ದನ್ನು ಹೊರಗೆತ್ತಿ ಚೆಲ್ಲುತ್ತದೆ.
ಎಲ್ಲ ಸತ್ತ ಮೇಲೆ ಏಳುತ್ತದೆ.
ಹೀಗಂತ ಒಂದು ಲೆಕ್ಕ. ಪೂರ್ತಿ ನಮಗೂ ಗೊತ್ತಿಲ್ಲ."

ಕೊನ್ನಾರಿ, ಅಂದೆ.

ಏನದು?

ಕೊನ್ನಾರಿ ಗಡ್ಡೆ, ಮೇಡಂ.
ಫ್ಲ್ಯಾಟಿನಲ್ಲಿ ಬೆಳೆದವರು, ಕಂಡಿರಲಿಲ್ಲ.
ಪೆನ್ನು ನಾನು ಇಸಕೊಂಡೆ.

ಮೇಲೆ ನಾಲ್ಕು ಎಲೆ, ಏನೂ ಅರಿಯದ ಹಾಗೆ.
ಕಿತ್ತರೆ ಸಲೀಸಾಗಿ ಬರುತ್ತದೆ, ಗೆದ್ದೆ ಅನಿಸುತ್ತದೆ.
ಗೇಣು ಕೆಳಗೆ ಕರೀ ಗಡ್ಡೆ, ಕಡಲೆ ಗಾತ್ರ,
ಅದರಿಂದೊಂದು ದಾರ, ದಾರದ ತುದಿಗೆ ಇನ್ನೊಂದು,
ನಿಮ್ಮ ಜಪಸರದ ಹಾಗೆ.
ಮದ್ದು ಹೊಡೆದರೆ ಎಲೆ ಕುಡಿಯುತ್ತದೆ, ಎಲೆ ಸಾಯುತ್ತದೆ.
ಮಲಗಿದ ಗಡ್ಡೆಗೆ ಬಾಯಿಲ್ಲ.
ತೊಂಬತ್ತೇಳರಲ್ಲಿ, ಅಂತರ ಕಾಲೇಜು ಪಂದ್ಯಕ್ಕೆ ಮುಂಚೆ,
ಸಿಟ್ಟು ನೆತ್ತಿಗೇರಿ ಇಡೀ ಮಿಡ್‌ವಿಕೆಟ್ ಅಗೆಸಿಬಿಟ್ಟೆ.
ದಾರ ಕಡಿಯಿತು.
ಒಂದೊಂದು ಮಣಿಗೂ ಎಚ್ಚರವಾಯಿತು.
ಹದಿನೈದೇ ದಿನ, ಹಸಿರು ಕಂಬಳಿ.

ಡಾಕ್ಟರು ನನ್ನ ಚಿತ್ರವನ್ನು ತಮ್ಮ ಸೊನ್ನೆಗಳ ಪಕ್ಕ ಇಟ್ಟು ನೋಡಿದರು.
"ಕೊನೆಗೇನು ಮಾಡಿದಿರಿ?"

ಡಾಕ್ಟರು ಕೇಳುವ ಪ್ರಶ್ನೆಯೇ ಇದು?
ಹೊರಗೆ ನನ್ನ ಹಿಂದಿನ ನಂಬರಿನವನು ಕೆಮ್ಮಿದ.
ಅಂದೆ:
ಅದು ಎಲ್ಲೆಲ್ಲಿ ಮಲಗುತ್ತದೆಂದು ಕಲಿತೆ.
ದಿನಾ ಬೆಳಗ್ಗೆ ಆರಕ್ಕೆ ಕುಕ್ಕರುಗಾಲಲ್ಲಿ ಕೂತೆ.
ಅದೂ ಹೋಗಲಿಲ್ಲ,
ಮ್ಯಾಚೂ ನಿಲ್ಲಲಿಲ್ಲ.

ಹೊಸ ಮಾತ್ರೆ ಬರೆದರು, ದಿನಕ್ಕೆ ನಾಲ್ಕು, ಖಾಲಿ ಹೊಟ್ಟೆಗೆ.
ಎಷ್ಟು ದಿನ ನಡೆಯುತ್ತೆ?
ನೋಡೋಣ, ಅಂದರು.
ಮಳೆ ಬರುತ್ತಾ ಅಂತ ಅಂಪೈರು ಕೇಳಿದರೆ
ನಾನು ಕೊಡುತ್ತಿದ್ದ ಉತ್ತರವೂ ಅದೇ.

ಬರುವಾಗ ಮೈದಾನದ ಗೇಟು ತೆರೆದಿತ್ತು.
ಬೌಂಡರಿ ಹಗ್ಗದ ಆಚೆ ನಾಲ್ಕು ಎಲೆ.
ಕೂರಲು ಸೊಂಟ ಒಪ್ಪಲಿಲ್ಲ, ಆದರೂ ಕೂತೆ,
ಬೆರಳು ಹಾಕಿ ಒಂದೇ ಒಂದು ಗಡ್ಡೆ ಎತ್ತಿದೆ,
ಉಗುರಲ್ಲಿ ಚಿವುಟಿ ಮೂಸಿದೆ.

ಘಮ.
ಅವ್ವ ಜ್ವರಕ್ಕೆ ಕುದಿಸುತ್ತಿದ್ದದ್ದು ಇದನ್ನೇ.
ಅದೊಂದನ್ನು ಡಾಕ್ಟರಿಗೆ ಹೇಳಲು ಮರೆತಿದ್ದೆ.