ನಾಲ್ಕನೇ ಸೀಟು

ಭಾಂಡುಪಿನ ಗುಡ್ಡದ ಮೇಲೆ ನಮ್ಮ ಖೋಲಿ.
ಅಕ್ಕಿಡಬ್ಬದ ಮೇಲೆ ಇಸ್ತ್ರಿಯ ಹಲಗೆ,
ಹಲಗೆಯ ಮೇಲೆ ಕಂಪನಿಯ ಲ್ಯಾಪ್‌ಟಾಪು,
ಮೊಣಕೈಗೆ ತಾಗುವಷ್ಟು ಹತ್ತಿರ ಕುಕ್ಕರು.
ನಾನು ಆಸ್ಪತ್ರೆ ಬಿಲ್ಲುಗಳ ಕ್ಲೇಮು ನೋಡುವವಳು.

ಮೊದಮೊದಲು ಹೆಸರು ಓದುತ್ತಿದ್ದೆ.
ಪರಭಣಿಯ ಒಬ್ಬ ಟೈಲರು, ವಯಸ್ಸು ನಲವತ್ತೊಂದು.
ವಸಯಿಯ ಅಕ್ಕತಂಗಿಯರು, ಒಂದೇ ವಾರ್ಡು, ಎರಡು ತಾರೀಖು.
ಓದಿ, ಎದ್ದು, ನೀರು ಕುಡಿದು ಬರುತ್ತಿದ್ದೆ.
ಜೂನಿನ ಹೊತ್ತಿಗೆ ಕೊನೆಯ ನಾಲ್ಕು ಅಂಕಿ ಸಾಕಾಯಿತು.
ಆಗಸ್ಟಿನಲ್ಲಿ ಅದೂ ಬೇಡ, ಬೆರಳಿಗೇ ಗೊತ್ತು:
ಡಿಸ್ಚಾರ್ಜ್ ಕಾಗದ ಇಲ್ಲ, ವಾಪಸ್ಸು.

ಸೋಮವಾರ ಹತ್ತಕ್ಕೆ ಪೆಂಡ್ಸೆ ಸಾಹೇಬರು
ಪರದೆ ತುಂಬ ನಗುತ್ತಾರೆ, ಹೇಗಿದ್ದೀರಿ ಎಲ್ಲರೂ?
ಇಪ್ಪತ್ತಾರು ಚೌಕ, ಇಪ್ಪತ್ತೈದು ಹೆಬ್ಬೆರಳು.
ಫರ್ಜಾನಾಳ ಚೌಕ ಮೂರು ವಾರದಿಂದ ಕಪ್ಪು.
ಯಾರೂ ಕೇಳಲಿಲ್ಲ. ನಾನು ಎರಡು ಸಲ ಮೈಕು ತೆರೆದೆ,
ಎರಡು ಸಲವೂ ಕುಕ್ಕರು ಕೂಗಿತು.

ಗುರುವಾರ ಸಾಂಗಲಿಯಿಂದ ಫೋನು.
ಆತ್ಮಾರಾಮ ಗಾವಡೆ, ಹೆಂಡತಿಯ ಬಿಲ್ಲು,
ನಾನೇ ಎರಡು ಸಲ ತಿರುಗಿಸಿ ಕಳಿಸಿದ್ದು.
ಬೈಯಲಿ ಎಂದು ಕಾದೆ.
ಯಾವ ಕಾಗದ, ಇನ್ನೊಮ್ಮೆ ಹೇಳು ತಾಯಿ,
ನಿಧಾನ, ಬರೆದುಕೊಳ್ಳುತ್ತೇನೆ, ಅಂದ.
ಪೆನ್ನು ಹುಡುಕುವ ಸದ್ದು. ಬರೆಯದ ಪೆನ್ನು. ಇನ್ನೊಂದು ಪೆನ್ನು.
ಮತ್ತೆ ಹೇಳಿದೆ.
ಫೋನಿಟ್ಟ ಮೇಲೆ ಅಳು ಬರಲಿಲ್ಲ.
ಬರಲಿಲ್ಲವಲ್ಲ ಎಂದು ರಾತ್ರಿಯೆಲ್ಲ ಹೆದರಿಕೊಂಡೆ.

ಶುಕ್ರವಾರ ಕಂಪನಿಯ ಸರ್ವೆ. ಮೂವತ್ತೊಂದು ಪ್ರಶ್ನೆ.
ಕೆಲಸದಲ್ಲಿ ಮನಸ್ಸಿಟ್ಟು ತೊಡಗಿದ್ದೀರಾ? ಒಂದರಿಂದ ಐದು.
ಎಲ್ಲಕ್ಕೂ ಮೂರು ಒತ್ತಿದೆ.
ಕೊನೆಗೊಂದು ಖಾಲಿ ಡಬ್ಬಿ: ನಿಮಗೆ ಏನು ಬೇಕು?

ಎಂಟು ಇಪ್ಪತ್ತೆರಡರ ಸ್ಲೋ ಬೇಕು, ಎಂದು ಬರೆದೆ.
ಕುರ್ಲಾ ದಾಟಿದ ಮೇಲೆ ಸಿಗುತ್ತಿದ್ದ ನಾಲ್ಕನೇ ಸೀಟು,
ಅರ್ಧ ತೊಡೆ ಹಲಗೆಯ ಮೇಲೆ, ಅರ್ಧ ಗಾಳಿಯಲ್ಲಿ.
ಎದುರಿಗೆ ಮಡಿಲಲ್ಲಿ ಬಟಾಣಿ ಸುಲಿಯುವ ಹೆಂಗಸು.
ನಿಂತವಳು ಬಾಗಿ ಕೇಳುವುದು ಒಂದೇ ಪ್ರಶ್ನೆ,
ಎಲ್ಲಿ ಇಳೀತೀ?
ವೀಟಿ ಅಂದರೆ ಮುಗಿಯಿತು, ಮುಂದಿನವಳನ್ನು ಕೇಳುತ್ತಾಳೆ.
ಆ ನಲವತ್ತೆಂಟು ನಿಮಿಷ
ನಾನು ಯಾರ ಅಮ್ಮನೂ ಅಲ್ಲ, ಯಾರ ಸಂಬಳದವಳೂ ಅಲ್ಲ

ಅಕ್ಷರ ಮೀರಿದೆ, ಎಂದಿತು ಡಬ್ಬಿ.
ಅಳಿಸಿ, ಕುರ್ಚಿ, ಎಂದು ಬರೆದು ಕಳಿಸಿದೆ.

ರಾತ್ರಿ ಒಲೆ ಒರೆಸಿ ಹೊಸ್ತಿಲಲ್ಲಿ ನಿಂತರೆ
ಕೆಳಗೆ ಅಗತ್ಯ ಸೇವೆಯವರ ಲೋಕಲ್ಲು,
ಎಲ್ಲ ದೀಪ ಹಚ್ಚಿಕೊಂಡು, ಬಹುಪಾಲು ಖಾಲಿ,
ನಾಹೂರಿನ ಕಡೆ ಹೋಗುತ್ತಿತ್ತು.
ಫರ್ಜಾನಾಗೆ ಫೋನು ಹಚ್ಚಿದೆ.
ಎತ್ತಿದರೆ ಏನು ಕೇಳಲಿ?
ಎಲ್ಲಿ ಇಳೀತೀ ಎಂದೇ?
ಏಳು ರಿಂಗು. ಎಂಟು.