ಪುಂಡಿಪಲ್ಯದ ಪ್ರೂಫು

ನೀಲಗಂಗವ್ವನ ಅಡಿಗಿ ಪುಸ್ತಕ
ಗದಗಿನ ನಮ್ಮ ಪ್ರೆಸ್ಸಿಗೆ ಬಂದದ್ದು ಒಂದು ಸಕ್ಕರಿ ಚೀಲದಾಗ:
ಮೂರು ನೋಟಬುಕ್ಕು, ಪೆನ್ಸಿಲ್ ಅಕ್ಷರ,
ಹಾಳಿ ನಡುವ ಜೋಳದ ಹಿಟ್ಟು.

ಸ್ಟೇಶನ್ ರೋಡಿನ್ಯಾಗ ಮೂವತ್ತೊಂದು ವರ್ಷ ಖಾನಾವಳಿ ನಡೆಸಿದಾಕಿ.
ಒಂದೊಂದು ಅಡಿಗಿಗೂ ಮೊದಲೊಂದು ಕತಿ.
ಜುಣಕದ ವಡಿಗೆ ಮೊದಲು ನಾದಿನಿಯ ಕೋರ್ಟು ಕೇಸು,
ಮಡಕಿಕಾಳು ಪಲ್ಯಾಕ್ಕ ಮೊದಲು ಸೋರುವ ಮಾಳಿಗಿ.
ಬದನಿಕಾಯಿ ಎಣ್ಣಿಗಾಯಿಗೆ ಬರೂದ್ರಾಗ
ಇಬ್ಬರು ಸತ್ತು, ಒಬ್ಬಾಕಿ ಹಡದಿದ್ಲು.

ಮಾಲಕ ಕುಬೇರಪ್ಪ ಚಷ್ಮಾ ಹಣಿಗೇರಿಸಿ ಅಂದ:
"ಪುಸ್ತಕಾ ತಗದಾಕಿ ಒಲಿ ಹಚ್ಚಿ ನಿಂತಿರ್ತಾಳ,
ಪುರಾಣ ಕೇಳಾಕ ಕುಂತಿಲ್ಲ.
ಅಳತಿ ಮುಂದ ಹಾಕು, ಕತಿ ಹಿಂದ.
ಜಾಗಾ ಉಳದ್ರ."

ಖರೇ ಅನಿಸ್ತು ನನಗೂ.
ಬೆಟಗೇರಿಯಾಗ ಒಂದು ಖೋಲಿ, ಒಂದು ಗ್ಯಾಸು, ನಾ ಒಬ್ಬಾವ.
ಬಳ್ಳೊಳ್ಳಿ ಸೀದು ಹೋಗೂವಾಗ
ಯಾರ ನಾದಿನಿ ಏನಂದ್ಲಂತ ಯಾರಿಗೆ ಬೇಕು?
ಅಳತಿ ಹದಿನಾಲ್ಕು ಪಾಯಿಂಟು,
ಕತಿ ಒಂಬತ್ತು, ಹಾಳಿಯ ಬೆನ್ನಿಗೆ.

ಶನಿವಾರ ಪ್ರೂಫು ಮನಿಗೊಯ್ದೆ.
ಸಂತ್ಯಾಗಿಂದ ಎರಡು ಸಿವುಡು ಪುಂಡಿ.
ನೀರಿನ ಕೊಡದ ಮ್ಯಾಲ ಹಾಳಿ ಒರಗಿಸಿ, ಓದಕೋತ ಹಾಕಿದೆ:
ಜೋಳದ ನುಚ್ಚು, ಒಂದು ಬಟ್ಟಲ.
ತೊಗರಿಬ್ಯಾಳಿ, ಒಂದು ಹಿಡಿ.
ಹಸಿಮೆಣಸಿನಕಾಯಿ ಎಂಟು, ಬಳ್ಳೊಳ್ಳಿ ಒಂದು ಗಡ್ಡಿ.
ಎಣ್ಣಿ, ಕೈ ಬಿಗಿ ಹಿಡೀಬ್ಯಾಡ್ರಿ.

ಮುಗೀತು.
ಉಪ್ಪಿಲ್ಲ.

ರಾತ್ರಿ ಒಂಬತ್ತೂವರಿ. ಫೋನ್ ಹಚ್ಚಿದೆ.
"ಅವ್ವಾರ, ಪುಂಡಿಪಲ್ಯಾಕ್ಕ ಉಪ್ಪು ಎಷ್ಟ್ರಿ?"
"ಬರದೀನಲ್ಲೋ ತಮ್ಮಾ, ಎಲ್ಲಾದಕ್ಕೂ ಮೊದಲು."
"ಎಲ್ಲಿರಿ?"
"ಕತಿಯೊಳಗ. ಟೈಪ್ ಮಾಡೂವಾಗ ಓದಲಿಲ್ಲೇನು?"
ಓದಿದ್ದಿಲ್ಲ.
ಬೆರಳು ಓದಿದ್ದವು.

ಅಷ್ಟರಾಗ ಒಗ್ಗರಣಿ ಸಿಡಿದು ಹಾಳಿಗೆ ಹತ್ತಿತ್ತು.
ಎಣ್ಣಿ ಕುಡದ ಕಾಗದ ಕಂದೀಲಿನ ಗಾಜಿನಂಗಾಗಿ
'ನುಚ್ಚು' ಅನ್ನೂ ಶಬ್ದದ ಹಿಂದ
ಉಲ್ಟಾ ಅಕ್ಷರದಾಗ ಯಾರೋ ಊಟಕ್ಕ ಕುಂತಿದ್ರು.

ತಿರುವಿದೆ.
ಖಾನಾವಳಿ ತಗದ ಮೊದಲ ವಾರ, ರೇಲ್ವೆ ಗ್ಯಾಂಗಿನ ಹನ್ನೊಂದು ಮಂದಿ.
ಉಂಡರು, ಮಾತಿಲ್ಲ.
ಹಿರೇ ಮನಶಾ ಎದ್ದು ಬಂದು, ನಾಚಕೋತ ಉಪ್ಪಿನ ಡಬ್ಬಿ ಕೇಳಿದ.
ಅವರ ಅಂಗಿ ಬೆನ್ನಿಗೆ ಬಿಳೇ ಗೆರಿ.
"ಅದೂ ಉಪ್ಪೇ ಅಂತ ತಿಳ್ಯಾಕ ನನಗ ನಾಕು ದಿನ ಹಿಡೀತು.
ಹಳಿ ಮ್ಯಾಲ ಸುರದದ್ದು ತಾಟಿಗೆ ತಿರುಗಿ ಬರಬೇಕು.
ಅವತ್ತಿಂದ ಅವರಿಗೊಂದು ಗಡಿಗಿ,
ಕೋರ್ಟಿನ ಕಾರಕೂನರಿಗೊಂದು ಗಡಿಗಿ."

ಫೋನು ಇನ್ನೂ ಕಿವಿಗಿತ್ತು.
"ನೀ ಏನ್ ಕೆಲಸಾ ಮಾಡ್ತೀಪಾ?"
"ಕುಂತು ಟೈಪ್ ಮಾಡ್ತೀನ್ರಿ, ಫ್ಯಾನಿನ ಕೆಳಗ."
"ಹಂಗಾರ ಅರ್ಧಾ ಚಮಚಾ ಸಾಕು.
ಪುಂಡಿ ಕೆಂಪು ದಂಟಿಂದೇನು?"
"ಹೌದ್ರಿ."
"ಹುಳಿ ಹೆಚ್ಚು ಅದು. ಇನ್ನೊಂದು ಚಿಮಟಿ."
ಇಟ್ಟುಬಿಟ್ಲು.
ಪಲ್ಯ ತಳಾ ಹಿಡದಿತ್ತು. ಎರಡು ರೊಟ್ಟಿ ಹೆಚ್ಚಿಗಿ ಉಂಡೆ.

ಸೋಮವಾರ ಕುಬೇರಪ್ಪನ ಮಾತು ಮುರೀಲಿಲ್ಲ.
ಅಳತಿ ಮುಂದೇ ಇಟ್ಟೆ.
ಒಲಿ ಮುಂದ ನಿಂತಾಕಿಯನ್ನ ಕಾಯಿಸಬಾರದು,
ಅದು ಈಗೂ ಖರೇ.
ಮಿಕ್ಸರ್ ಅಂಗಡಿ ಜಾಹೀರಾತು ಕಡೀ ಪುಟಕ್ಕ ದೂಡಿ
ಕತಿಯನ್ನ ಹನ್ನೆರಡು ಪಾಯಿಂಟಿಗೆ ಏರಿಸಿದೆ.
ಅಳತಿಯ ಕೆಳಗ ಒಂದು ಸಾಲು ಕೂಡಿಸಿದೆ,
ಉಪ್ಪು: ಹಾಳಿ ತಿರುವಿ ನೋಡ್ರಿ.

ಕುಬೇರಪ್ಪ ಕೆಂಪು ಪೆನ್ನು ತಗದ.
"ಏನಲೇ ಇದು, ಅಳತಿ ಎಲ್ಲೈತಿ?"
ನಾ ಮಾತಾಡದ ಡಬ್ಬಿ ಬಿಚ್ಚಿ ಮುಂದ ಸರಿಸಿದೆ.
ರೊಟ್ಟಿ ಮುರದು ಪಲ್ಯ ಎತ್ತಿದ, ಅಗದ, ಕಣ್ಣು ಸಣ್ಣ ಮಾಡಿದ.
"ಚಲೋ ಐತಿ," ಅಂದ, "ಉಪ್ಪು ಒಂಚೂರು ಕಡಿಮಿ ಆತು ನೋಡು."
ಮುಂಜಾನಿಂದ ಕರೆಂಟಿಲ್ಲದ ಶೆಡ್ಡಿನ್ಯಾಗ
ಕೈಯಿಂದ ಕಟಿಂಗ್ ಮಷಿನ್ ತಿರುವಿದಾಂವ.