ಎಡಕ್ಕೆ ಎತ್ತರ ನೋಡಿ

ಶೋರೂಮಿನ ಹುಡುಗ ಮೊದಲು ನನ್ನ ಕಾಲು ನೋಡಿದ,
ಆಮೇಲೆ ನನ್ನ ಹಿಂದೆ ಯಾರಾದರೂ ಬಂದರೇನೋ ಎಂದು.
ಯಾರಿಲ್ಲ. ಬಿ.ಎಚ್. ರಸ್ತೆಯ ಧೂಳು ಬಂತು,
ಗಾಜಿನ ಬಾಗಿಲು ತಾನೇ ಮುಚ್ಚಿಕೊಂಡಿತು.
"ಸ್ಕೂಟರೆಲ್ಲ ಆ ಕಡೆ ಮೇಡಂ."

ಹೆಲ್ಮೆಟ್ ತೆಗೆದು ಅವನ ಮೇಜಿನ ಮೇಲಿಟ್ಟೆ,
ಗೀರುಗಳನ್ನು ಓದಿಕೊಳ್ಳಲಿ ಎಂದು.

ಹೆಸರು ವಾರಿಜಾ. ಎತ್ತರ ನಾಲ್ಕು ಅಡಿ ಹತ್ತು ಇಂಚು.
ವಯಸ್ಸು ನಲವತ್ತಾರು,
ಅದರಲ್ಲಿ ಇಪ್ಪತ್ತಾರು ಗೇರು ಬದಲಿಸುತ್ತ ಕಳೆದದ್ದು.
ರಿಪ್ಪನ್‌ಪೇಟೆ ಸುತ್ತ ಯಾರ ಕೊಟ್ಟಿಗೆಯಲ್ಲಿ
ಹಸು ಬೆದೆಗೆ ಬಂದರೂ ಫೋನು ನನಗೆ.
ಹಿಂದಿನ ಸೀಟಿಗೆ ಕಟ್ಟಿದ ನೈಟ್ರೋಜನ್ ಕ್ಯಾನು,
ಮುಚ್ಚಳ ತೆರೆದರೆ ಹೊಗೆಯಾಡುವ ಚಳಿ,
ಆ ಚಳಿಯೊಳಗೆ
ಇನ್ನೂ ಹುಟ್ಟದ ಕರುಗಳ ಅರ್ಧ.

ಕ್ಯಾನು ಕಟ್ಟಿದ ಮೇಲೆ ಕಾಲು ಬೀಸಿ ಹತ್ತುವ ಹಾಗಿಲ್ಲ.
ಟ್ಯಾಂಕಿಗೂ ಕ್ಯಾನಿಗೂ ನಡುವೆ
ಮೊಣಕಾಲು ಮಡಚಿ ತೂರಿಸಬೇಕು,
ಸೀರೆ ಎತ್ತಿ ಉಣಗೋಲು ದಾಟುತ್ತಿದ್ದಳಲ್ಲ ನಮ್ಮ ದೊಡ್ಡಮ್ಮ, ಹಾಗೆ.
ಬ್ರೋಷರಿನಲ್ಲಿ ಇದಿಲ್ಲ.
ಅಲ್ಲಿ ಇರುವುದು ಸೀಟಿನ ಎತ್ತರ, ಮಿಲಿಮೀಟರಿನಲ್ಲಿ.
ನಾನು ಟೇಪು ತೆಗೆದು ಅಗಲ ಅಳೆದೆ.
ಹುಡುಗ ನಕ್ಕ.
ಎತ್ತರವಲ್ಲ ಮಾರಾಯ, ಕಾಲು ಕದಿಯುವುದು ಅಗಲ.
ತೊಡೆ ಹೊರಕ್ಕೆ ಸರಿದಷ್ಟೂ ಹಿಮ್ಮಡಿ ಮೇಲಕ್ಕೆ.

ಮೊದಲನೆಯದು ತಗ್ಗು ಗಾಡಿ. ಎರಡೂ ಪಾದ ನೆಲಕ್ಕೆ ಊರಿದವು,
ಹುಡುಗ ಗೆದ್ದವನಂತೆ ಬೀಗಿದ.
ಸುಖವೇ. ಆದರೆ ಅದರ ಹೊಟ್ಟೆ
ನಮ್ಮ ಕಡೆಯ ಹಳ್ಳದ ಕಲ್ಲಿಗೆ ಬಡಿದ ಸದ್ದು
ನನಗೆ ಅಲ್ಲೇ, ಟೈಲ್ಸಿನ ಮೇಲೇ ಕೇಳಿಸಿತು.
ಎರಡನೆಯದಕ್ಕೆ ಕೋಣದ ಬೆನ್ನು.
ಮೂಲೆಯಲ್ಲಿತ್ತು ಇನ್ನೊಂದು,
ಬೆಳ್ಳಕ್ಕಿಯ ಹಾಗೆ ಉದ್ದ, ಸಪೂರ.
"ಅದು ನಿಮಗೆ ಹೈಟಾಯ್ತು ಮೇಡಂ."
ಕೀ ಕೊಡು ಅಂದೆ.

ಗಾಜನೂರಿನ ದಾರಿ. ಹಿಂದೆ ಅವನು,
ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.
ಓಡಿಸುವುದರಲ್ಲಿ ಎಲ್ಲರೂ ಒಂದೇ ಎತ್ತರ.
ನಿಲ್ಲುವಾಗ ನೋಡು:
ಬಲಗಾಲು ಬ್ರೇಕಿನ ಮೇಲೆ,
ಸೊಂಟ ಒಂದಿಷ್ಟು ಎಡಕ್ಕೆ ಜಾರಿ,
ಒಂದು ಗುಪ್ಪೆ, ಒಂದು ಬೇರು, ಒಂದು ಮೈಲಿಗಲ್ಲಿನ ಬುಡ
ಎಡಪಾದಕ್ಕೆ ಸಿಕ್ಕರೆ ಸಾಕು.
ಹತ್ತು ಮಾರು ದೂರದಿಂದಲೇ ಹುಡುಕುತ್ತೇನೆ.
ಉದ್ದನೆಯವರಿಗೆ ರಸ್ತೆ ಸಪಾಟು.
ನಮ್ಮ ಹೋಬಳಿಯ ಉಬ್ಬುಗಳೆಲ್ಲ
ನನಗೆ ಬಾಯಿಪಾಠ. ಅಲ್ಲ, ಕಾಲಿಗೆ ಪಾಠ.

ಒಮ್ಮೆ ಬಿದ್ದಿದ್ದೆ, ಓಡುವಾಗಲ್ಲ, ನಿಂತಾಗ.
ಡೇರಿಯ ಮುಂದೆ, ಹಾಲಿನ ಸರದಿ ಪೂರ್ತಿ ನೋಡುತ್ತಿತ್ತು.
"ಮೂರ್ತಿ ಚಿಕ್ಕದಾದರೂ" ಅಂತ ಯಾರೋ ಶುರು ಮಾಡಿದರು.
ಕೀರ್ತಿ ಆಮೇಲೆ, ಮೊದಲು ಕ್ಯಾನು ಹಿಡೀರಿ ಅಂದೆ.

ಅದಕ್ಕೇ, ಡ್ಯಾಮಿನ ಹತ್ತಿರ ಹುಲ್ಲು ಕಂಡಲ್ಲಿ
ಹುಡುಗನನ್ನು ಇಳಿಸಿ
ಆ ಹೊಸ ಗಾಡಿಯನ್ನು ಮೆಲ್ಲಗೆ ಮಲಗಿಸಿದೆ.
"ಅಯ್ಯೋ ಮೇಡಂ! ಡೆಮೋ ಗಾಡಿ!"
ಅದಕ್ಕೆ ಬೆನ್ನು ಕೊಟ್ಟು ಕೂತೆ,
ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಸೀಟಿನಡಿಗೆ,
ಹಿಂದಕ್ಕೆ ಹಿಂದಕ್ಕೆ ಸಣ್ಣ ಹೆಜ್ಜೆ.
ಎದ್ದಿತು.
ಕನ್ನಡಿಗೆ ಹತ್ತಿದ ಹುಲ್ಲು ಒರೆಸಿ ಹೇಳಿದೆ:
ಎಬ್ಬಿಸಲಾಗದ್ದನ್ನು ನಾನು ಕೊಳ್ಳುವುದಿಲ್ಲ, ಇದು ಬರೆದುಕೋ.

ಫೋರ್ಕು ತಗ್ಗಿಸೋಣವೇ ಎಂದು ಕೇಳಿದ. ಬೇಡ.
ಸೀಟಿನ ಖಲಂದರ್‌ಗೆ ಹೇಳಿ
ಅಂಚಿನ ಸ್ಪಂಜು ಒಂದಿಂಚು ಕೆತ್ತಿಸುತ್ತೇನೆ.
ಮಿಕ್ಕದ್ದು ಬೂಟಿನ ಅಟ್ಟೆಗೆ ಬಿಟ್ಟದ್ದು.

ಅಡ್ವಾನ್ಸಿನ ರಸೀದಿ ಬರೆಯುವಾಗಲೇ ಫೋನು.
ಕೆಂಚನಾಲದಿಂದ, ಬೆಳಗಿನಿಂದ ಕೂಗುತ್ತಿದೆಯಂತೆ ಕರಡ.
ಹಸು ಕಾಯುವುದಿಲ್ಲ.

ಹೊರಗೆ ನನ್ನ ಹಳೆಯ ಬೈಕು,
ಹದಿನಾರು ವರ್ಷ ಮೊಣಕಾಲಿಗೆ ತೀಡಿ ಟ್ಯಾಂಕಿನ ಬಣ್ಣ ಹೋಗಿದೆ.
ಹುಡುಗ ಕ್ಯಾನು ಹಿಡಿದು ಕೊಡಲು ಬಂದ,
ಆಗ ನೋಡಿದ
ಶೋರೂಮಿನ ಮೆಟ್ಟಿಲಿಗೆ ಸರಿಯಾಗಿ
ಎಡಗಡೆ ಒತ್ತಿ ನಿಲ್ಲಿಸಿದ್ದೆ.